ಮಂಗಳೂರಿನ ಬಂದರು ಪೇಟೆ: ಕಲ್ಲು ಹೇಳದ ಚರಿತ್ರೆ

ಹಗರೆಯ ಕೂಡುರಸ್ತೆಯಲ್ಲಿ ನಿಂತರೆ ಒಂದು ದಾರಿ ಬೇಲೂರಿಗೆ ಹೋಗುತ್ತದೆ, ಇನ್ನೊಂದು ಹಳೇಬೀಡಿಗೆ. ಹೊಯ್ಸಳರ ಕಾಲ ಎಂದೊಡನೆ ನಮಗೆ ನೆನಪಾಗುವುದು ಈ ಎರಡು ಊರುಗಳೇ. ಆದರೆ ಬೇಲೂರು, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದರೆ ಅದೇ ಕಾಲದ ಇನ್ನೊಂದು ಚರಿತ್ರೆ ಸಿಗುತ್ತದೆ. ಅದು ಅರಸರದಲ್ಲ, ವ್ಯಾಪಾರಿಗಳದು. ಅದರ ನೆಲೆ ಮಂಗಳೂರು.

ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲು ಸೇರುವ ಅಳಿವೆಯ ಒಳಗೆ ಹಳೆಯ ಬಂದರು ಇದೆ. ಅಳಿವೆಯಲ್ಲಿ ಮರಳ ದಿಬ್ಬ ಇದ್ದುದರಿಂದ ದೊಡ್ಡ ಹಡಗುಗಳು ಹೊರಗಡಲಲ್ಲೇ ಲಂಗರು ಹಾಕುತ್ತಿದ್ದವು. ಸರಕನ್ನು ದೋಣಿಗಳಲ್ಲಿ ದಡಕ್ಕೆ ತರಬೇಕಾಗಿತ್ತು. ಮಳೆಗಾಲದಲ್ಲಿ ಅದೂ ಇಲ್ಲ. ಪಣಂಬೂರಿನ ಹೊಸ ಬಂದರು 1975ರಲ್ಲಿ ಉದ್ಘಾಟನೆಯಾದ ಮೇಲೆ ದೊಡ್ಡ ಹಡಗುಗಳು ಅತ್ತ ಹೋದವು. ಹಳೆಯ ಬಂದರಿನಲ್ಲಿ ಈಗ ಮೀನುಗಾರರ ದೋಣಿಗಳೂ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳೂ ನಿಲ್ಲುತ್ತವೆ.

ಹಂಪನಕಟ್ಟೆಯಿಂದ ಪಶ್ಚಿಮಕ್ಕೆ ಇಳಿದರೆ ಬಂದರು ಪೇಟೆ. ಇಕ್ಕಟ್ಟಾದ ಬೀದಿಗಳು, ಹೆಂಚಿನ ಮಾಡಿನ ಗೋದಾಮುಗಳು, ಸಗಟು ಅಂಗಡಿಗಳು. ಇಲ್ಲೇ ಮರದ ಕೆತ್ತನೆಗೆ ಹೆಸರಾದ ಜೀನತ್ ಬಕ್ಷ್ ಮಸೀದಿಯಿದೆ. ಅರಬ್ ವರ್ತಕರ ಸಂಪರ್ಕದಿಂದ ಅದು ಏಳನೆಯ ಶತಮಾನದಲ್ಲೇ ಹುಟ್ಟಿತೆಂಬುದು ಸ್ಥಳೀಯ ಪರಂಪರೆ. 1340ರ ದಶಕದಲ್ಲಿ ಬಂದ ಇಬ್ನ್ ಬತೂತ, ಪರ್ಷಿಯಾ ಮತ್ತು ಯೆಮನ್‌ನ ವರ್ತಕರು ಇಲ್ಲಿ ಇಳಿಯುತ್ತಾರೆಂದೂ ಮೆಣಸು, ಶುಂಠಿ ಹೇರಳವೆಂದೂ ಬರೆದಿದ್ದಾನೆ.

ಅವನಿಗೂ ಇನ್ನೂರು ವರ್ಷ ಹಿಂದೆ ಇಲ್ಲಿ ಬಾಳಿದ ಒಬ್ಬ ವರ್ತಕನ ಕಾಗದಗಳೇ ನಮಗೆ ಸಿಕ್ಕಿವೆ. ಆತ ಅಬ್ರಹಾಂ ಬೆನ್ ಯಿಜು, ಉತ್ತರ ಆಫ್ರಿಕದ ಟ್ಯುನೀಷಿಯಾದ ಯೆಹೂದಿ. 1132ರ ಸುಮಾರಿನಿಂದ 1149ರವರೆಗೆ ಅವನು ಹೆಚ್ಚಾಗಿ ಮಂಗಳೂರಿನಲ್ಲೇ ನೆಲೆಸಿದ್ದ. ಆಗ ತುಳುನಾಡಿನಲ್ಲಿ ಆಳುಪರು; ಘಟ್ಟದ ಮೇಲೆ ದೋರಸಮುದ್ರದಲ್ಲಿ, ಅಂದರೆ ಇಂದಿನ ಹಳೇಬೀಡಿನಲ್ಲಿ, ವಿಷ್ಣುವರ್ಧನ. ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಯಾದದ್ದು 1117ರಲ್ಲಿ ಎಂಬುದನ್ನು ನೆನೆದರೆ ಕಾಲ ಸ್ಪಷ್ಟವಾಗುತ್ತದೆ.

ಬೆನ್ ಯಿಜು ಇಲ್ಲಿಂದ ಏಡನ್‌ಗೆ ಮೆಣಸು, ಅಡಿಕೆ, ಏಲಕ್ಕಿ, ಕಬ್ಬಿಣ ಕಳಿಸುತ್ತಿದ್ದ. ಅಲ್ಲಿಂದ ತಾಮ್ರ, ಸಕ್ಕರೆ, ಒಣದ್ರಾಕ್ಷಿ ಬರುತ್ತಿದ್ದವು. ಅವನಿಗೆ ಒಂದು ಕಂಚಿನ ಕಮ್ಮಟವೂ ಇತ್ತು. ಏಡನ್‌ನ ಗಿರಾಕಿಗಳು ಒಡಕು ಪಾತ್ರೆಗಳನ್ನು ಕಳಿಸಿ, ಹೊಸದು ಮಾಡಿಸಿ ತರಿಸಿಕೊಳ್ಳುತ್ತಿದ್ದರು. ಅವನ ವ್ಯವಹಾರ ನೋಡಿಕೊಂಡು ಏಡನ್‌ವರೆಗೆ ಹೋಗಿಬರುತ್ತಿದ್ದವನು ಬೊಮ್ಮ ಎಂಬ ಗುಲಾಮ. ಏಡನ್‌ನ ವರ್ತಕರು ತಮ್ಮ ಪತ್ರಗಳಲ್ಲಿ ಅವನಿಗೂ ವಂದನೆ ತಿಳಿಸುತ್ತಿದ್ದರು. ಬೇಲೂರಿನ ಗೋಡೆಗಳಲ್ಲಿ ಶಿಲ್ಪಿಗಳ ಹೆಸರುಗಳಿವೆ. ಕಡಲಾಚೆ ದುಡಿದ ಬೊಮ್ಮನ ಹೆಸರು ಬರಿಯ ಕಾಗದದಲ್ಲಿ ಉಳಿಯಿತು.

ಅದು ಉಳಿದದ್ದಾದರೂ ಹೇಗೆ? ದೇವರ ಹೆಸರಿರುವ ಕಾಗದವನ್ನು ನಾಶ ಮಾಡಬಾರದೆಂಬುದು ಯೆಹೂದಿಗಳ ನಂಬಿಕೆ. ಕೈರೋದ ಬೆನ್ ಎಜ್ರಾ ಪ್ರಾರ್ಥನಾಮಂದಿರದ ಒಂದು ಕೋಣೆಯಲ್ಲಿ ಶತಮಾನಗಳ ಕಾಲ ಹಳೆಯ ಕಾಗದಗಳನ್ನು ತುಂಬುತ್ತ ಬಂದರು. ಒಣ ಹವೆಯಲ್ಲಿ ಅವು ಕೊಳೆಯಲಿಲ್ಲ. 1896-97ರಲ್ಲಿ ವಿದ್ವಾಂಸ ಸಾಲೊಮನ್ ಶೆಕ್ಟರ್ ಅವುಗಳಲ್ಲಿ ಬಹುಭಾಗವನ್ನು ಕೇಂಬ್ರಿಜ್‌ಗೆ ಒಯ್ದರು. ಎಸ್. ಡಿ. ಗೊಯಿಟೈನ್ ಅವುಗಳಲ್ಲಿದ್ದ ಭಾರತದ ವ್ಯಾಪಾರಪತ್ರಗಳನ್ನು ಓದಿ ಬೆಳಕಿಗೆ ತಂದರು. ಅಮಿತಾವ್ ಘೋಷ್ 1992ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಬೊಮ್ಮನ ಜಾಡು ಹಿಡಿದರು.

ಮಂಗಳೂರಿನ ಮಳೆ, ಉಪ್ಪುಗಾಳಿ, ಗೆದ್ದಲಿನ ನಡುವೆ ಇಂಥ ಕಾಗದ ಬಾಳುವುದು ಕಷ್ಟ. ಆದ್ದರಿಂದ ಬಂದರು ಪೇಟೆಗೆ ಹೋದವರು ದೊಡ್ಡ ಸ್ಮಾರಕಗಳನ್ನು ಹುಡುಕಿದರೆ ನಿರಾಶೆಯಾದೀತು. ಯಾವ ಸರಕು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ಯಾರು ಹೊರುತ್ತಾರೆ, ಯಾವ ಭಾಷೆಯಲ್ಲಿ ಚೌಕಾಸಿ ನಡೆಯುತ್ತದೆ ಎಂದು ಗಮನಿಸಿದರೆ ಪೇಟೆ ತಾನೇ ಮಾತಾಡುತ್ತದೆ. ತುಳು, ಬ್ಯಾರಿ, ಕೊಂಕಣಿ, ಕನ್ನಡ ಒಂದೇ ಅಂಗಡಿಯಲ್ಲಿ ಕೇಳಿಸುವುದೇ ಅದರ ಚರಿತ್ರೆಗೆ ಸಾಕ್ಷಿ.

ವಿದ್ಯಾರ್ಥಿ ಮಿತ್ರರೇ, ಈ ಪಾಠ ಘಟ್ಟದ ಮೇಲಿನ ನಮಗೂ ಸಲ್ಲುತ್ತದೆ. ಹಾಸನದ ಹಳೆಯ ಅಂಗಡಿಗಳಲ್ಲಿ, ಅರಸೀಕೆರೆಯ ಕೊಬ್ಬರಿ ಮಂಡಿಗಳಲ್ಲಿ, ನಿಮ್ಮ ಅಜ್ಜನ ಪೆಟ್ಟಿಗೆಯಲ್ಲಿ ಹಳೆಯ ಖಾತೆ ಪುಸ್ತಕ, ರೋಜುಕೀರ್ದಿಗಳು ಇದ್ದಾವು. ಅವು ರದ್ದಿಗೆ ಹೋಗುವ ಮುನ್ನ ಒಮ್ಮೆ ಬಿಡಿಸಿ ನೋಡಿ. ಧಾರಣೆ, ತೂಕ, ಕೂಲಿ, ಸಾಲ, ಊರು, ಹೆಸರು ಬರೆದುಕೊಳ್ಳಿ. ಹಿರಿಯರನ್ನು ಕೇಳಿ ತಿಳಿಯಿರಿ. ಶಾಸನಗಳಲ್ಲಿ ಜಾಗ ಸಿಗದ ಎಷ್ಟೋ ಬೊಮ್ಮರು ಆ ಪುಟಗಳಲ್ಲಿದ್ದಾರೆ.