ಜಾತ್ರೆಯ ರಂಗದಿಂದ ವಿಶ್ವವಿದ್ಯಾಲಯಕ್ಕೆ: ನಾಟಕ ಓದುವವರಿಗೊಂದು ಕೈಪಿಡಿ

ಬೇವೂರು (ಯಲಬುರ್ಗಾ ತಾ.): ಜಾತ್ರೆ ಬಂತೆಂದರೆ ಈ ಸೀಮೆಯ ಊರುಗಳಲ್ಲಿ ನಾಟಕ ಇರಲೇಬೇಕು. ವಾರಗಟ್ಟಲೆ ರಾತ್ರಿ ತಾಲೀಮು, ಪೇಟಿ ಮಾಸ್ತರರ ಗದರಿಕೆ, ಬಾಡಿಗೆಗೆ ತಂದ ಪರದೆ, ಹೊರಗಿನಿಂದ ಕರೆಸಿದ ನಟಿಯರು, ಬೆಳಗಿನ ಜಾವದವರೆಗೂ ಕದಲದ ಪ್ರೇಕ್ಷಕರು. ಆ ಒಂದು ರಾತ್ರಿ ಬಣ್ಣ ಹಚ್ಚಿದ ತರುಣ ಮರುದಿನ ಹೊಲಕ್ಕೋ ಕಾಲೇಜಿಗೋ ಹಿಂದಿರುಗುತ್ತಾನೆ. ಒಬ್ಬಿಬ್ಬರ ಮನಸ್ಸಿನಲ್ಲಿ ಮಾತ್ರ ‘ಇದನ್ನೇ ಓದಬಹುದೇ?’ ಎಂಬ ಪ್ರಶ್ನೆ ಉಳಿಯುತ್ತದೆ. ಹೆತ್ತವರ ಪ್ರಶ್ನೆ ಬೇರೆ: ‘ಓದಿದರೆ ಅನ್ನ ಸಿಕ್ಕೀತೇ?’ ಎರಡಕ್ಕೂ ಉತ್ತರ ಹುಡುಕುವವರಿಗಾಗಿ ಈ ಮಾಹಿತಿ.

ಕಲಿಸುವುದೇನು?

ನಾಟಕ ಶಿಕ್ಷಣವೆಂದರೆ ಮಾತು ಬಾಯಿಪಾಠ ಮಾಡಿಸುವುದಲ್ಲ. ಅದಕ್ಕೆ ಮುಖ್ಯವಾಗಿ ಮೂರು ಕವಲುಗಳಿವೆ. ಅಭಿನಯದಲ್ಲಿ ಧ್ವನಿ, ಉಸಿರು, ಅಂಗಸಾಧನೆ ಮತ್ತು ಪಾತ್ರದ ವಿಶ್ಲೇಷಣೆ ಬರುತ್ತವೆ. ನಿರ್ದೇಶನದಲ್ಲಿ ಕೃತಿಯನ್ನು ಓದುವ ಕ್ರಮ, ನಟರ ಚಲನೆಯ ವಿನ್ಯಾಸ, ರಂಗಸಜ್ಜಿಕೆ, ಬೆಳಕು, ಪ್ರಸಾಧನ ಹಾಗೂ ಸಂಗೀತದ ಹೊಂದಾಣಿಕೆಯನ್ನು ಕಲಿಸಲಾಗುತ್ತದೆ. ಮೂರನೆಯದು ರಂಗಭೂಮಿಯ ಇತಿಹಾಸ. ಭರತನ ನಾಟ್ಯಶಾಸ್ತ್ರ, ಸಂಸ್ಕೃತ ನಾಟಕ, ಗ್ರೀಕ್ ರಂಗಭೂಮಿ, ಪಾರ್ಸಿ ಮತ್ತು ಕಂಪನಿ ನಾಟಕ, ಸ್ತಾನಿಸ್ಲಾವ್‌ಸ್ಕಿ, ಬ್ರೆಕ್ಟ್ ಇವೆಲ್ಲ ಅದರ ವ್ಯಾಪ್ತಿಗೆ ಸೇರುತ್ತವೆ.

ಪಠ್ಯದಲ್ಲಿ ನಮ್ಮ ನೆಲ

ಇತಿಹಾಸದ ಪಾಠ ಈ ಭಾಗದ ವಿದ್ಯಾರ್ಥಿಗೆ ಅಪರಿಚಿತವೇನಲ್ಲ. ಉಪಲಬ್ಧವಿರುವ ಮೊದಲ ಕನ್ನಡ ನಾಟಕವೆನಿಸಿದ ಸಿಂಗರಾರ್ಯನ ‘ಮಿತ್ರವಿಂದಾ ಗೋವಿಂದ’ 17ನೇ ಶತಮಾನದ್ದು. ಆದರೆ ಉತ್ತರ ಕರ್ನಾಟಕದ ವೃತ್ತಿ ರಂಗಭೂಮಿಯ ಕಥೆ ನೆರೆಯ ಗದುಗಿನಿಂದ ಆರಂಭವಾಗುತ್ತದೆ. 1870ರ ದಶಕದಲ್ಲಿ ಶಾಂತಕವಿಗಳು (ಸಕ್ಕರಿ ಬಾಳಾಚಾರ್ಯರು) ಅಲ್ಲಿ ನಾಟಕ ಮಂಡಳಿ ಕಟ್ಟಿದರು. ಮರಾಠಿ ನಾಟಕಗಳ ಅಬ್ಬರದ ನಡುವೆ ಕನ್ನಡಕ್ಕೆ ರಂಗದ ಮೇಲೆ ಜಾಗ ದೊರಕಿಸಿದ ಕೆಲಸವದು. ಮುಂದೆ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಅದೇ ಊರಿನ ಕೀರ್ತಿಯನ್ನು ಹೆಚ್ಚಿಸಿತು. ಇತ್ತ ಬಳ್ಳಾರಿ, ನಟ ರಾಘವರ (1880-1946) ಊರು.

ದೊಡ್ಡಾಟ, ಸಣ್ಣಾಟ, ಪಾರಿಜಾತಗಳೂ ಇಂದು ಸಂಶೋಧನೆಯ ವಿಷಯಗಳು. ಚಂದ್ರಶೇಖರ ಕಂಬಾರರು ಉತ್ತರ ಕರ್ನಾಟಕದ ಜನಪದ ರಂಗಭೂಮಿಯ ಮೇಲೆಯೇ ಪಿಎಚ್.ಡಿ. ಮಾಡಿದವರು. ಬಳಿಕ ಅವರು ಹಂಪಿ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾದರು; ರಾಷ್ಟ್ರೀಯ ನಾಟಕ ಶಾಲೆಯ ಅಧ್ಯಕ್ಷರೂ ಆಗಿದ್ದರು. ಕೊಪ್ಪಳ ತಾಲ್ಲೂಕಿನ ಮೊರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿತು. ಶಾಲೆಯ ಮೆಟ್ಟಿಲು ಹತ್ತದೆಯೂ ಕಲಿತ ಕಲೆಯನ್ನು ದಾಖಲಿಸಿ, ವಿವರಿಸಿ ಮುಂದಿನವರಿಗೆ ದಾಟಿಸಲು ಓದಿದವರು ಬೇಕು. ನಾಟಕ ವಿಭಾಗಗಳ ಅಗತ್ಯ ಇರುವುದು ಇಲ್ಲಿಯೇ.

ಎಲ್ಲೆಲ್ಲಿ ಕಲಿಯಬಹುದು?

ಕೊಪ್ಪಳ ಜಿಲ್ಲೆಯವರಿಗೆ ಸಮೀಪದ್ದು ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ. ಅಲ್ಲಿ ಪ್ರದರ್ಶನ ಕಲೆಯ ಅಡಿಯಲ್ಲಿ ನಾಟಕವನ್ನು ಸ್ನಾತಕೋತ್ತರ ಹಂತದಲ್ಲಿ ಬೋಧಿಸಲಾಗುತ್ತದೆ. ಬೆಂಗಳೂರು ವಿಶ್ವವಿದ್ಯಾಲಯದ ಪ್ರದರ್ಶನ ಕಲೆಗಳ ವಿಭಾಗ ರಾಜ್ಯದ ಹಳೆಯ ವಿಭಾಗಗಳಲ್ಲೊಂದು. ಮೈಸೂರಿನಲ್ಲಿ ಡಾ. ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯವಿದೆ. ಇಂಗ್ಲಿಷಿಗೆ ಹಿಂಜರಿಯದವರು ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದ ರಂಗಕಲಾ ವಿಭಾಗವನ್ನೂ ಪರಿಶೀಲಿಸಬಹುದು.

ವಿಶ್ವವಿದ್ಯಾಲಯದ ಹೊರಗೂ ಗಟ್ಟಿ ತರಬೇತಿ ಇದೆ. ಕೆ.ವಿ. ಸುಬ್ಬಣ್ಣ ಅವರು ಹೆಗ್ಗೋಡಿನಲ್ಲಿ 1980ರಲ್ಲಿ ಆರಂಭಿಸಿದ ನೀನಾಸಂ ರಂಗಶಿಕ್ಷಣ ಕೇಂದ್ರದಲ್ಲಿ ಕನ್ನಡದಲ್ಲೇ ಒಂದು ವರ್ಷದ ವಸತಿ ತರಬೇತಿ ದೊರೆಯುತ್ತದೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಶ್ರೀ ಶಿವಕುಮಾರ ರಂಗಪ್ರಯೋಗ ಶಾಲೆ ಹಾಗೂ ಮೈಸೂರು ರಂಗಾಯಣದ ಭಾರತೀಯ ರಂಗಶಿಕ್ಷಣ ಕೇಂದ್ರದ ಕೋರ್ಸುಗಳೂ ಇದೇ ಬಗೆಯವು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ (ಸ್ಥಾಪನೆ 1959) ಮೂರು ವರ್ಷಗಳ ಡಿಪ್ಲೊಮಾ ನೀಡುತ್ತದೆ. ಅದಕ್ಕೆ ಪದವಿಯ ಜೊತೆಗೆ ನಾಟಕಗಳಲ್ಲಿ ತೊಡಗಿದ ಅನುಭವವೂ ಬೇಕು. ಗುಬ್ಬಿ ಕಂಪನಿಯಲ್ಲಿ ಬೆಳೆದ ಬಿ.ವಿ. ಕಾರಂತರು ಆ ಶಾಲೆಯಲ್ಲಿ ಕಲಿತು, ಮುಂದೆ ಅದರ ನಿರ್ದೇಶಕರಾಗಿ, 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿದರು. ಕಂಪನಿ ನಾಟಕಕ್ಕೂ ಶಾಸ್ತ್ರೀಯ ಶಿಕ್ಷಣಕ್ಕೂ ವೈರವಿಲ್ಲ ಎಂಬುದಕ್ಕೆ ಅವರ ಬದುಕೇ ಸಾಕ್ಷಿ.

ಡಿಪ್ಲೊಮಾವೋ, ಪದವಿಯೋ?

ವಿದ್ಯಾರ್ಥಿಗಳು ಎಡವುವುದು ಇಲ್ಲಿ. ರಂಗಶಾಲೆಯ ಡಿಪ್ಲೊಮಾ ನಟನನ್ನು ರೂಪಿಸುತ್ತದೆ; ಆದರೆ ಒಂದು ವರ್ಷದ ಡಿಪ್ಲೊಮಾ ಸ್ನಾತಕೋತ್ತರ ಪದವಿಗೆ ಸಮನಲ್ಲ. ಕಾಲೇಜು ಅಧ್ಯಾಪಕರಾಗಬೇಕೆಂದರೆ ಸ್ನಾತಕೋತ್ತರ ಪದವಿಯ ಜೊತೆಗೆ ಎನ್‌ಇಟಿ ಅಥವಾ ಕೆ-ಸೆಟ್‌ನಂಥ ಅರ್ಹತೆ ಬೇಕು. ಎನ್‌ಇಟಿಯಲ್ಲಿ ಪ್ರದರ್ಶನ ಕಲೆ (ನೃತ್ಯ, ನಾಟಕ, ರಂಗಭೂಮಿ) ಪ್ರತ್ಯೇಕ ವಿಷಯವಾಗಿದೆ. ಬಿ.ಎ. ಮುಗಿಸಿ, ಒಂದು ವರ್ಷ ರಂಗಶಾಲೆಯಲ್ಲಿ ಕಳೆದು, ಅನಂತರ ಸ್ನಾತಕೋತ್ತರ ಪದವಿಗೆ ಹೋಗುವುದು ಎರಡೂ ಬಾಗಿಲುಗಳನ್ನು ತೆರೆದಿಡುವ ಮಾರ್ಗ. ಪದವಿ ಬಿಟ್ಟು ನಾಟಕಕ್ಕೆ ಹೊರಟವರಿಗೆ ಒಂದು ಬಾಗಿಲು ಮುಚ್ಚಿರುತ್ತದೆ.

ಕೊಪ್ಪಳ ಜಿಲ್ಲೆಯವರಿಗೆ ಸಂವಿಧಾನದ 371(ಜೆ) ವಿಧಿಯ ಅನುಕೂಲವೂ ಉಂಟು. ಅದರಂತೆ ಕಲ್ಯಾಣ ಕರ್ನಾಟಕದೊಳಗಿನ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8ರಷ್ಟು ಸ್ಥಾನಗಳು ಸ್ಥಳೀಯರಿಗೆ ಮೀಸಲು. ಅರ್ಹತಾ ಪ್ರಮಾಣಪತ್ರವನ್ನು ಮೊದಲೇ ಪಡೆದಿಟ್ಟುಕೊಳ್ಳುವುದು ಒಳಿತು.

ಅನ್ನದ ಪ್ರಶ್ನೆ

ಹೆತ್ತವರ ಆತಂಕ ಸುಳ್ಳಲ್ಲ. ಸರ್ಕಾರಿ ಪ್ರೌಢಶಾಲೆಗಳಲ್ಲಿ ನಾಟಕ ಶಿಕ್ಷಕರ ಹುದ್ದೆಗಳು ಬಹಳ ವಿರಳ. ರಂಗಾಯಣದಂಥ ರೆಪರ್ಟರಿಗಳಲ್ಲಿ ಅವಕಾಶ ಸೀಮಿತ. ನೀನಾಸಂ ತಿರುಗಾಟ, ಸಾಣೇಹಳ್ಳಿಯ ಶಿವಸಂಚಾರಗಳ ಕೆಲಸ ಆಯಾ ಋತುವಿಗಷ್ಟೇ. ಕಿರುತೆರೆ ಮತ್ತು ಚಲನಚಿತ್ರ ಹಲವರಿಗೆ ಆಸರೆಯಾಗಿದ್ದರೂ ಖಾತರಿಯಿಲ್ಲ. ಮಕ್ಕಳ ರಂಗಶಿಬಿರ, ಖಾಸಗಿ ಶಾಲೆಗಳ ನಾಟಕ ತರಗತಿ, ಬೆಳಕು ಮತ್ತು ಪ್ರಸಾಧನದ ಕೆಲಸಗಳು ಉಳಿದ ದಾರಿಗಳು. ನಟನೆಯೊಂದನ್ನೇ ನಂಬಿದವನಿಗಿಂತ ಬೆಳಕನ್ನೋ ಬೋಧನೆಯನ್ನೋ ಜೊತೆಗೆ ಕಲಿತವನು ರಂಗದಲ್ಲಿ ಹೆಚ್ಚು ಕಾಲ ನಿಲ್ಲಬಲ್ಲ.

ಪ್ರವೇಶಕ್ಕೆ ಸಿದ್ಧತೆ

ಆಯ್ಕೆಯ ವೇಳೆ ಸಾಮಾನ್ಯವಾಗಿ ಸಂದರ್ಶನ ಮತ್ತು ಅಭಿನಯ ಪರೀಕ್ಷೆ ಇರುತ್ತವೆ. ಒಂದು ಗಂಭೀರ, ಒಂದು ಹಾಸ್ಯ ಸನ್ನಿವೇಶ ಹಾಗೂ ಒಂದು ಹಾಡು ಸಿದ್ಧವಿರಲಿ. ಶ್ರೀರಂಗ, ಕೈಲಾಸಂ, ಕಾರ್ನಾಡ, ಕಂಬಾರರ ತಲಾ ಒಂದು ನಾಟಕವನ್ನಾದರೂ ಓದಿರಬೇಕು. ಶುಲ್ಕ, ವಯೋಮಿತಿ ಮತ್ತು ಕೊನೆಯ ದಿನಾಂಕ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆಯಾ ವರ್ಷದ ಅಧಿಸೂಚನೆಯನ್ನು ನೋಡಿಯೇ ಅರ್ಜಿ ಸಲ್ಲಿಸಬೇಕು.

ಊರಿನ ಜಾತ್ರೆಯಲ್ಲಿ ಮಾಡಿದ ಪಾತ್ರವನ್ನು ಸಂದರ್ಶನದಲ್ಲಿ ಹೇಳಲು ಸಂಕೋಚ ಬೇಡ. ನಾಟಕಗಳ ಹೆಸರು, ವರ್ಷ, ನಿರ್ವಹಿಸಿದ ಪಾತ್ರಗಳನ್ನು ಬರೆದಿಟ್ಟು, ಹಸ್ತಪತ್ರಿಕೆ ಹಾಗೂ ಭಾವಚಿತ್ರಗಳನ್ನು ಜೋಪಾನ ಮಾಡಿದರೆ, ಅನುಭವ ಕೇಳುವ ಸಂಸ್ಥೆಗಳ ಮುಂದೆ ಅವೇ ದಾಖಲೆಗಳಾಗುತ್ತವೆ.