ಡೀಸೆಲ್ ಮತ್ತು ಕಾಕಂಬಿಯಿಂದ ಡಾಂಬರು ಅಂಗಳಗಳ ರಕ್ಷಣೆ

ಕಬ್ಬು ನುರಿಸುವ ಹಂಗಾಮು ಆರಂಭವಾದೊಡನೆ ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ಸಕ್ಕರೆ ಕಾರ್ಖಾನೆಗಳ ಮುಂದೆ ಟ್ರ್ಯಾಕ್ಟರ್ ಮತ್ತು ಲಾರಿಗಳ ಸಾಲು ಬೆಳೆಯುತ್ತದೆ. ಹಿರೇಪಡಸಲಗಿ, ಸಮೀರವಾಡಿ, ಬಾಡಗಂಡಿ, ಮುಧೋಳ, ಎಲ್ಲಿ ನೋಡಿದರೂ ಇದೇ ದೃಶ್ಯ. ಗಂಟೆಗಟ್ಟಲೆ ಒಂದೇ ಸ್ಥಳದಲ್ಲಿ ನಿಂತ ವಾಹನಗಳಿಂದ ಡೀಸೆಲ್, ಇಂಜಿನ್ ಎಣ್ಣೆ ಮತ್ತು ಹೈಡ್ರಾಲಿಕ್ ಎಣ್ಣೆ ಹನಿಹನಿಯಾಗಿ ಸೋರುತ್ತಿರುತ್ತವೆ. ಹಂಗಾಮು ಮುಗಿಯುವ ವೇಳೆಗೆ ಡಾಂಬರಿನ ಅಂಗಳದಲ್ಲಿ ಅಲ್ಲಲ್ಲಿ ಖಡಿ ಕಿತ್ತುಬಂದಿರುತ್ತದೆ. ಇಂತಹ ಸಂದರ್ಭದಲ್ಲಿ ಕಳಪೆ ಕಾಮಗಾರಿಯೆಂಬ ಆರೋಪ ಗುತ್ತಿಗೆದಾರನ ಮೇಲೆ ಬರುವುದು ಸಾಮಾನ್ಯ. ಆದರೆ ವಾಹನ ನಿಲ್ಲುವ ಜಾಗದಲ್ಲಷ್ಟೇ ಗುಂಡಿ ಬಿದ್ದು ಉಳಿದ ನೆಲ ಗಟ್ಟಿಯಾಗಿದ್ದರೆ ಮೊದಲು ಸಂಶಯಿಸಬೇಕಾದುದು ಎಣ್ಣೆಯನ್ನು.

ಡಾಂಬರು ಮಿಶ್ರಣದ ತೂಕದಲ್ಲಿ ಬಿಟುಮೆನ್ ಇರುವುದು ಸುಮಾರು ಶೇ. 5ರಷ್ಟು ಮಾತ್ರ. ಉಳಿದುದೆಲ್ಲ ಖಡಿ ಮತ್ತು ಪುಡಿ. ಬಿಟುಮೆನ್ ಕಚ್ಚಾ ತೈಲದಿಂದಲೇ ದೊರೆಯುವ ಪದಾರ್ಥವಾದ್ದರಿಂದ ಅದೇ ಮೂಲದ ಡೀಸೆಲ್, ಪೆಟ್ರೋಲು, ಸೀಮೆಎಣ್ಣೆಗಳಲ್ಲಿ ಸುಲಭವಾಗಿ ಕರಗುತ್ತದೆ. ಪೆಟ್ರೋಲು ಬೇಗ ಆವಿಯಾಗಿ ಹೋಗುತ್ತದೆ. ಡೀಸೆಲ್ ಹಾಗಲ್ಲ, ಅದು ಒಳಗಿಳಿದು ದಿನಗಟ್ಟಲೆ ಅಲ್ಲಿಯೇ ಉಳಿದು ಬಂಧವನ್ನು ಮೆದುಗೊಳಿಸುತ್ತದೆ. ಬಯಲುಸೀಮೆಯ ಬೇಸಿಗೆಯ ಬಿಸಿಲು ಈ ಕೆಲಸಕ್ಕೆ ನೆರವಾಗುತ್ತದೆ. ಬಂಧ ಸಡಿಲವಾದ ಮೇಲೆ ಚಕ್ರ ತಿರುಗಿದಾಗಲೆಲ್ಲ ಖಡಿ ಏಳುತ್ತದೆ, ಮಳೆನೀರು ಇಳಿಯುತ್ತದೆ. ಕೆಳಗೆ ಎರೆಮಣ್ಣು ಇದ್ದಲ್ಲಿ ಅದು ನೀರು ಕುಡಿದು ಉಬ್ಬಿ ಇಡೀ ಅಂಗಳವನ್ನೇ ಬಿರಿಯಿಸುತ್ತದೆ. ಕೈಯಳತೆಯ ಕಲೆಯೊಂದು ದೊಡ್ಡ ಖರ್ಚಾಗುವುದು ಹೀಗೆ. ಎಥೆನಾಲ್ ಮಾತ್ರ ಇದಕ್ಕೆ ಅಪವಾದ. ಬಿಟುಮೆನ್ನನ್ನು ಅದು ಅಷ್ಟಾಗಿ ಕರಗಿಸುವುದಿಲ್ಲ. ಬೆಂಕಿಯ ಅಪಾಯ ಬೇರೆಯೇ ವಿಷಯ.

ಎಣ್ಣೆಯನ್ನು ತಡೆಯಲು ಮೇಲೆ ಕಪ್ಪು ಲೇಪನ ಬಳಿಯುವುದು ರೂಢಿಯಲ್ಲಿರುವ ಉಪಾಯ. ಇಲ್ಲಿ ಭಾಷೆಯೇ ಒಂದು ಗೊಂದಲವನ್ನು ಉಂಟುಮಾಡುತ್ತದೆ. ಡಾಂಬರು ಎಂಬ ಒಂದೇ ಶಬ್ದವನ್ನು ಕನ್ನಡದಲ್ಲಿ ಬಿಟುಮೆನ್ನಿಗೂ ಕಲ್ಲಿದ್ದಲಿನಿಂದ ಬರುವ ಟಾರಿಗೂ ಬಳಸುತ್ತೇವೆ. ಗುಣದಲ್ಲಿ ಇವೆರಡೂ ಬೇರೆ ಬೇರೆ. ಕಲ್ಲಿದ್ದಲ ಟಾರಿನ ಲೇಪನ ಡೀಸೆಲ್‌ಗೆ ಚೆನ್ನಾಗಿ ಎದುರು ನಿಲ್ಲುತ್ತದೆ. ಬಿಟುಮೆನ್ ಎಮಲ್ಷನ್ನಿನ ಸಾಮಾನ್ಯ ಲೇಪನವಾದರೋ ತಾನು ಕಾಪಾಡಬೇಕಾದ ನೆಲದಂತೆಯೇ ಕರಗುತ್ತದೆ. ಹಾಗೆಂದು ಟಾರನ್ನು ಶಿಫಾರಸು ಮಾಡುವಂತಿಲ್ಲ. ಕ್ಯಾನ್ಸರ್‌ಕಾರಕಗಳನ್ನು ಒಳಗೊಂಡ ಪಾಲಿಸೈಕ್ಲಿಕ್ ಹೈಡ್ರೋಕಾರ್ಬನ್‌ಗಳು ಅದರಲ್ಲಿ ಹೇರಳವಾಗಿದ್ದು, ಲೇಪನ ಸವೆದು ಮಳೆನೀರಿನೊಡನೆ ಹರಿದು ಹೋಗುತ್ತವೆ. ಅಮೆರಿಕದ ಆಸ್ಟಿನ್ ನಗರ 2006ರಲ್ಲಿ ಹಾಗೂ ವಾಷಿಂಗ್ಟನ್ ರಾಜ್ಯ 2011ರಲ್ಲಿ ಇಂತಹ ಲೇಪನವನ್ನು ನಿಷೇಧಿಸಿದವು. ಚರಂಡಿಯ ನೀರು ಕೊನೆಗೆ ಕೃಷ್ಣೆ, ಘಟಪ್ರಭೆಗಳನ್ನು ಸೇರುವ ಈ ಭಾಗದಲ್ಲಿ ಅಕ್ರಿಲಿಕ್ ಮುಂತಾದ ಪಾಲಿಮರ್ ಆಧಾರಿತ, ಇಂಧನ ನಿರೋಧಕವೆಂದು ಪರೀಕ್ಷೆಗೊಳಗಾದ ಲೇಪನಗಳೇ ಲೇಸು. ಬೆಲೆ ಹೆಚ್ಚು, ನಿಜ.

ಹೊಸದಾಗಿ ಅಂಗಳ ಹಾಕಿಸುವವರಿಗೆ ಇನ್ನೊಂದು ಮಾರ್ಗವಿದೆ. ವಿಮಾನ ನಿಲ್ದಾಣಗಳಿಗಾಗಿ ಬೆಳೆದುಬಂದ ಇಂಧನ ನಿರೋಧಕ ಪಾಲಿಮರ್ ಬಿಟುಮೆನ್ ಮಿಶ್ರಣವನ್ನೇ ಬಳಸಬಹುದು. ಯುರೋಪಿನ ಇಎನ್ 12697-43 ಪರೀಕ್ಷೆಯಲ್ಲಿ ಮಾದರಿಯನ್ನು ಇಂಧನದಲ್ಲಿ ನೆನೆಸಿ, ಉಕ್ಕಿನ ಬ್ರಷ್‌ನಿಂದ ಉಜ್ಜಿ, ಕಳೆದುಕೊಂಡ ತೂಕವನ್ನು ಅಳೆಯುತ್ತಾರೆ. ಟೆಂಡರಿನಲ್ಲಿ ಇಂತಹ ಪರೀಕ್ಷೆಯ ಫಲಿತಾಂಶ ಕೇಳದೆ ‘ಎಣ್ಣೆ ನಿರೋಧಕ’ ಎಂದಷ್ಟೇ ಬರೆದರೆ ಅದಕ್ಕೆ ಅರ್ಥವಿಲ್ಲ.

ಡಾಂಬರನ್ನೇ ತೆಗೆದು ಕಾಂಕ್ರೀಟ್ ಹಾಕಿಬಿಡಿ ಎಂಬ ಸಲಹೆಯೂ ಉಂಟು. ಪೆಟ್ರೋಲ್ ಬಂಕ್‌ಗಳಲ್ಲಿ, ಬಸ್ ಡಿಪೋಗಳಲ್ಲಿ, ತೂಕದ ಸೇತುವೆಯ ಎದುರು ಡೀಸೆಲ್ ಬೀಳುವ ಕಡೆ ಇದು ಸರಿಯಾದ ಸಲಹೆ. ಸಂದುಗಳನ್ನು ಮಾತ್ರ ಪಾಲಿಸಲ್ಫೈಡ್‌ನಂತಹ ಇಂಧನ ತಾಳುವ ಅಂಟಿನಿಂದ ಮುಚ್ಚಬೇಕು. ಆದರೆ ಸಕ್ಕರೆ ನಾಡಿನಲ್ಲಿ ಲೆಕ್ಕ ತಿರುವುಮುರುವಾಗುವುದೂ ಉಂಟು. ಕಾಕಂಬಿಯಲ್ಲಿರುವ ಸಕ್ಕರೆ ಗಟ್ಟಿಯಾದ ಕಾಂಕ್ರೀಟಿನ ಸುಣ್ಣದೊಡನೆ ಸೇರಿ ಅದನ್ನು ನಿಧಾನವಾಗಿ ತಿನ್ನುತ್ತದೆ. ಡಿಸ್ಟಿಲರಿಯ ಸ್ಪೆಂಟ್ ವಾಷ್ ಆಮ್ಲೀಯವಾದುದರಿಂದ ಅದೂ ಸಿಮೆಂಟಿಗೆ ಶತ್ರು. ಬಿಟುಮೆನ್ನಿಗೆ ಇವೆರಡರಿಂದಲೂ ಹೆಚ್ಚಿನ ಬಾಧೆಯಿಲ್ಲ. ಆದ್ದರಿಂದ ಕಾಕಂಬಿ ಟ್ಯಾಂಕರ್ ತುಂಬುವ ಸ್ಥಳದಲ್ಲಿ ಡಾಂಬರು, ಟ್ರ್ಯಾಕ್ಟರ್ ನಿಲ್ಲುವಲ್ಲಿ ಕಾಂಕ್ರೀಟ್ ಅಥವಾ ಪೇವರ್ ಬ್ಲಾಕ್ ಎಂದು ಅಂಗಳವನ್ನು ವಿಭಾಗಿಸುವುದು ಜಾಣತನ. ಆಮ್ಲ ಚೆಲ್ಲುವ ಕಡೆ ಖಡಿಯ ಜಾತಿಯೂ ಮುಖ್ಯ. ಲೋಕಾಪುರದ ಕಡೆಯ ಸುಣ್ಣದ ಕಲ್ಲನ್ನು ಆಮ್ಲ ಕರಗಿಸುತ್ತದೆ. ಜಮಖಂಡಿ ಕಡೆಯ ಕಪ್ಪು ಬಸಾಲ್ಟ್ ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ರಬಕವಿ-ಬನಹಟ್ಟಿಯ ಬಣ್ಣದ ಮನೆಗಳಲ್ಲಿ ಬಳಸುವ ಕಾಸ್ಟಿಕ್ ಸೋಡಾ ತೆಳುವಾಗಿದ್ದರೆ ಡಾಂಬರಿಗೆ ತೊಂದರೆ ಕಡಿಮೆ.

ಎಣ್ಣೆ ಚೆಲ್ಲಿದ ಕೂಡಲೇ ಕೊಳವೆಯಿಂದ ನೀರು ಬಿಡುವುದು ತಪ್ಪು. ಎಣ್ಣೆ ಹರಡುತ್ತದೆಯೇ ಹೊರತು ಹೋಗುವುದಿಲ್ಲ. ಸೀಮೆಎಣ್ಣೆಯಿಂದ ಕಲೆ ಒರೆಸುವುದಂತೂ ನೆಲವನ್ನು ಇನ್ನಷ್ಟು ಕರಗಿಸಿದಂತೆ. ಒಣ ಮರಳು ಅಥವಾ ಮರದ ಹೊಟ್ಟು ಹರಡಿ, ಹೀರಿದ ಮೇಲೆ ಗುಡಿಸಿ ಮುಚ್ಚಿದ ಡಬ್ಬಿಯಲ್ಲಿಡಬೇಕು. ಕಬ್ಬಿನ ಸಿಪ್ಪೆಯೂ ಎಣ್ಣೆಯನ್ನು ಚೆನ್ನಾಗಿ ಹೀರುತ್ತದೆ, ಈ ಭಾಗದಲ್ಲಿ ಅದಕ್ಕೇನು ಬರವಿಲ್ಲ. ಪೆಟ್ರೋಲು ಚೆಲ್ಲಿದ್ದರೆ ಮಾತ್ರ ಮರಳೇ ಇರಲಿ. ಬಳಸಿದ ಇಂಜಿನ್ ಎಣ್ಣೆ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ; ಅದನ್ನು ಗಟಾರಕ್ಕೆ ಸುರಿಯುವಂತಿಲ್ಲ. ನಿಂತ ವಾಹನದ ಕೆಳಗೆ ಒಂದು ತಗಡಿನ ತಟ್ಟೆ ಇಡುವ ಶಿಸ್ತು ಎಲ್ಲ ಲೇಪನಗಳಿಗಿಂತ ಅಗ್ಗ.

ಹಳೆಯ ಕಲೆಯನ್ನು ಪರೀಕ್ಷಿಸಲು ಒಂದು ಸ್ಕ್ರೂಡ್ರೈವರ್ ಸಾಕು. ಚುಚ್ಚಿದಾಗ ನೆಲ ಗಟ್ಟಿಯಾಗಿದ್ದರೆ ಚೆನ್ನಾಗಿ ತೊಳೆದು ಒಣಗಿಸಿ, ಎಣ್ಣೆ ಕಲೆಗೆಂದೇ ಇರುವ ಪ್ರೈಮರ್ ಬಳಿದು ಲೇಪನ ಕೊಡಬಹುದು. ತುದಿ ಒಳಗಿಳಿದು ಖಡಿ ಕೈಗೆ ಬಂದರೆ ಲೇಪನ ವ್ಯರ್ಥ, ಸುಲಿದು ಬೀಳುತ್ತದೆ. ಅಲ್ಲಿ ಕಲೆಯ ಅಂಚು ದಾಟಿ ಗಟ್ಟಿ ನೆಲ ಸಿಗುವವರೆಗೆ ಚೌಕಾಕಾರವಾಗಿ ಕತ್ತರಿಸಿ ತೆಗೆದು, ಬದಿಗಳಿಗೆ ಟ್ಯಾಕ್ ಕೋಟ್ ಹಚ್ಚಿ, ಬಿಸಿ ಮಿಶ್ರಣ ತುಂಬಿ ರೋಲರ್ ಹಾಯಿಸಬೇಕು. ಹೊಸ ಡಾಂಬರಿಗೆ ಲೇಪನ ಕೊಡುವ ಮುನ್ನ ಕೆಲವು ತಿಂಗಳು ಬಿಟ್ಟಿರುವುದು ಅಗತ್ಯ. ಕಾರ್ಖಾನೆಯ ಅಂಗಳಗಳಿಗೆ ಇದಕ್ಕೆಲ್ಲ ಸಿಗುವ ಕಾಲ ಚಿಕ್ಕದು: ಕಬ್ಬಿನ ಕೊನೆಯ ಗಾಡಿ ಹೋದ ಮೇಲೆ, ಮುಂಗಾರು ಬೀಳುವ ಮೊದಲು. ಅದರಲ್ಲಿಯೂ ಲೇಪನದ ಕೆಲಸವನ್ನು ನಡುಹಗಲಿನ ಬಿಸಿಲು ತಪ್ಪಿಸಿ ಬೆಳಗಿನ ಹೊತ್ತು ಮಾಡಿಸಬೇಕಾಗುತ್ತದೆ.