ಬೆಣ್ಣೆಚಾವಡಿಯಿಂದ ವಿಮಾನದ ಒಡಲಿಗೆ

ಬೆಂಗಳೂರಿನಿಂದ ಹರಿಹರದ ಕಡೆಗೆ ಹೊರಟ ರೈಲುದಾರಿ ಅರಸೀಕೆರೆಯನ್ನು ದಾಟಿದ ಮೇಲೆ ಕಡೂರು, ಬೀರೂರು, ಅಜ್ಜಂಪುರಗಳನ್ನು ಹಾದುಹೋಗುತ್ತದೆ. ಬೀರೂರಿನಲ್ಲಿ ಕವಲೊಡೆದ ಇನ್ನೊಂದು ದಾರಿ ತರೀಕೆರೆಯ ಮೇಲೆ ಶಿವಮೊಗ್ಗೆಗೆ ಸಾಗುತ್ತದೆ. ಈ ಎರಡು ದಾರಿಗಳ ಇಕ್ಕೆಲದಲ್ಲಿ ಕಡೂರಿನ ತೆಂಗು, ತರೀಕೆರೆಯ ಅಡಕೆ, ಅಜ್ಜಂಪುರದ ಎರೆಹೊಲದ ಈರುಳ್ಳಿ ಬೆಳೆಯುತ್ತವೆ. ಮೂರು ನೆಲದ ಮೂರು ಬೆಳೆಗಳಾದರೂ ಇವುಗಳಲ್ಲಿ ಒಂದು ಸಮಾನಗುಣ ಉಂಟು. ಇವು ಕಾಯಬಲ್ಲವು. ಕೊಬ್ಬರಿಯಾದ ತೆಂಗೂ ಬೇಯಿಸಿ ಒಣಗಿಸಿದ ಅಡಕೆಯೂ ತಿಂಗಳುಗಟ್ಟಲೆ ಕಾಯುತ್ತವೆ. ಈರುಳ್ಳಿಯ ತಾಳ್ಮೆ ಅಷ್ಟಿಲ್ಲ, ಆದರೂ ಪೇಟೆಯ ದಾರಿಯನ್ನು ಸವೆಸುವಷ್ಟು ಉಂಟು. ಹಾಗಾದರೆ ಕಾಯಲಾರದ ವಸ್ತುವಿನ ಗತಿ ಏನು? ಹಾಲು, ಸೊಪ್ಪು, ಹಣ್ಣು, ಎಳೆಯ ಕಾಯಿ ಇವು ದೂರವನ್ನು ಗೆದ್ದ ಬಗೆ ಹೇಗೆ, ಗೆದ್ದುದರಿಂದ ಬೆಳೆದವನಿಗೆ ಆದದ್ದೇನು ಎಂಬುದೇ ಈ ಹೊತ್ತಿನ ವಿಚಾರ.

ಕಥೆಯನ್ನು ಅಜ್ಜಂಪುರದಿಂದಲೇ ಆರಂಭಿಸಬಹುದು. 1673ರಿಂದ 1704ರವರೆಗೆ ಮೈಸೂರನ್ನು ಆಳಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳಿಗಾಗಿ ಇದ್ದ ಇಲಾಖೆಗೆ ಬೆಣ್ಣೆಚಾವಡಿ ಎಂದು ಹೆಸರು. ಅರಮನೆಗೆ ಹಾಲುಬೆಣ್ಣೆಯನ್ನು ಒದಗಿಸುವುದು ಅದರ ಕೆಲಸ. ಮುಂದೆ ಟಿಪ್ಪು ಸುಲ್ತಾನನು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟನು. ಆ ಹೆಸರಿನ ತಳಿಯ ಸಂವರ್ಧನ ಕೇಂದ್ರ ಇಂದಿಗೂ ಅಜ್ಜಂಪುರದಲ್ಲಿದೆ.

ಹೆಸರು ಬೆಣ್ಣೆಯದು, ಕೀರ್ತಿ ಮಾತ್ರ ಎತ್ತುಗಳದು. 1781ರಲ್ಲಿ ಹೈದರಾಲಿಯ ಸೈನ್ಯವು ಚಿದಂಬರದ ರಕ್ಷಣೆಗಾಗಿ ಎರಡೂವರೆ ದಿನಗಳಲ್ಲಿ 100 ಮೈಲಿ ನಡೆಯಿತೆಂದೂ, ಈ ಎತ್ತುಗಳಿಂದಲೇ ಅದು ಸಾಧ್ಯವಾಯಿತೆಂದೂ ಪ್ರಸಿದ್ಧಿ ಇದೆ. ಆ ಕಾಲದ ನಮ್ಮ ನಾಡಿನಲ್ಲಿ ಭಾರವನ್ನು ಹೊತ್ತು ಅಷ್ಟು ಬೇಗ ಸಾಗುವ ವಾಹನ ಬೇರೆ ಇದ್ದಿರಲಾರದು. ಆದರೆ ಆ ವೇಗ ತೋಪಿಗೆ ದೊರೆಯಿತು, ಹಾಲಿಗೆ ದೊರೆಯಲಿಲ್ಲ. ಹಾಲನ್ನು ಕಾಪಾಡುವ ಹೊಣೆ ಅಡುಗೆಮನೆಯದಾಗಿಯೇ ಉಳಿಯಿತು. ಹಾಲು ಮೊಸರಾಗಿ, ಮೊಸರು ಬೆಣ್ಣೆಯಾಗಿ, ಬೆಣ್ಣೆ ತುಪ್ಪವಾದಾಗ ಮಾತ್ರ ಅದು ಊರು ಬಿಟ್ಟು ಹೊರಡಲು ಶಕ್ತವಾಗುತ್ತಿತ್ತು.

ತೆಂಗಿನದೂ ಅದೇ ಕಥೆ. ಬಲಿತ ಕಾಯನ್ನು ಎಂಟು ಹತ್ತು ತಿಂಗಳು ಅಟ್ಟದ ಮೇಲೆ ಬಿಟ್ಟರೆ ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಹಸಿ ತಿರುಳಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನೀರು. ಅದು ಹೋದ ಮೇಲೆ ಭಾರವೂ ಇಳಿಯಿತು, ಕೊಳೆಯುವ ಭಯವೂ ಇಳಿಯಿತು. ದೂರವನ್ನು ಗೆಲ್ಲಲು ನಮ್ಮ ಹಿರಿಯರು ಬಂಡಿಯ ವೇಗವನ್ನು ಹೆಚ್ಚಿಸಲಿಲ್ಲ; ಸರಕಿನ ನೀರನ್ನು ತೆಗೆದರು.

1889ರಲ್ಲಿ ಹರಿಹರದವರೆಗಿನ ರೈಲೂ 1899ರಲ್ಲಿ ಬೀರೂರು–ಶಿವಮೊಗ್ಗೆಯ ರೈಲೂ ಬಂದವು. ಅವು ಈ ಸೀಮೆಯ ಸರಕಿಗೆ ದೂರದ ಪೇಟೆಗಳನ್ನು ತೆರೆದವೆಂಬುದು ನಿಜ. ಆದರೆ ರೈಲು ಒಲಿದದ್ದು ಚೀಲದಲ್ಲಿ ಉಸಿರು ಬಿಗಿಹಿಡಿದು, ಕಾದ ಡಬ್ಬಿಯೊಳಗೆ ದಿನ ಕಳೆಯಬಲ್ಲ ವಸ್ತುವಿಗೆ.

ವಿಮಾನ ಮೊದಲು ಹೊತ್ತದ್ದು ಆಹಾರವನ್ನಲ್ಲ, ಕಾಗದವನ್ನು. 1911ರ ಫೆಬ್ರವರಿ 18ರಂದು ಅಲಹಾಬಾದಿನಿಂದ ನೈನಿಗೆ ಸುಮಾರು 6500 ಪತ್ರಗಳು ಹಾರಿದವು. ತೂಕ ಕಡಮೆ, ಬೆಲೆ ಹೆಚ್ಚು ಎಂಬ ಅಂದಿನ ನಿಯಮವನ್ನು ವಿಮಾನ ಇಂದಿಗೂ ಬಿಟ್ಟಿಲ್ಲ. 1948ರಲ್ಲಿ ಪಶ್ಚಿಮ ಬರ್ಲಿನ್ನಿನ ದಾರಿಗಳೆಲ್ಲ ಮುಚ್ಚಿ, 20 ಲಕ್ಷಕ್ಕೂ ಮೀರಿದ ಜನಕ್ಕೆ ವಿಮಾನದಿಂದಲೇ ಉಣಿಸಬೇಕಾದಾಗ, ಅಲ್ಲಿಗೆ ಹೋದ ಆಲೂಗೆಡ್ಡೆ ನೀರು ತೆಗೆದ ಒಣ ಆಲೂಗೆಡ್ಡೆ. ಆಕಾಶವನ್ನೇರಿದ ಮನುಷ್ಯನೂ ತುರ್ತಿನಲ್ಲಿ ನೆನೆದದ್ದು ನಮ್ಮ ಅಟ್ಟದ ಉಪಾಯವನ್ನೇ.

ಹಸಿಯದನ್ನು ಹಸಿಯಾಗಿಯೇ ಕಡಲಾಚೆಗೆ ಮುಟ್ಟಿಸುವ ಸಾಹಸ ಇದಕ್ಕೆ ತೀರ ವಿರುದ್ಧವಾದದ್ದು. ನಮ್ಮ ರಾಜ್ಯದಲ್ಲಿ ಅದರ ಹೆಬ್ಬಾಗಿಲು ದೇವನಹಳ್ಳಿಯ ಬಳಿ 2008ರ ಮೇ ತಿಂಗಳಲ್ಲಿ ತೆರೆದ ಬೆಂಗಳೂರಿನ ವಿಮಾನನಿಲ್ದಾಣ. ಬೇಗ ಕೆಡುವ ಸರಕಿಗಾಗಿಯೇ ಕಟ್ಟಿದ ಶೀತಲಗೃಹವೊಂದು 2016ರಲ್ಲಿ ಅದರ ಆವರಣದಲ್ಲಿ ಆರಂಭವಾಯಿತು. ಹಣ್ಣು, ತರಕಾರಿ, ಹೂವು ಅಲ್ಲಿಂದ ಹೊರನಾಡುಗಳಿಗೆ ಹೊರಡುತ್ತವೆ. ದುಬೈಯಲ್ಲಿಯೋ ಲಂಡನ್ನಿನಲ್ಲಿಯೋ ನೆಲೆಸಿದ ನಮ್ಮವರ ಮನೆಯ ಹುಳಿಗೆ ಹಸಿ ನುಗ್ಗೆಕಾಯಿ ಒದಗುವುದು ಇಂತಹ ಏರ್ಪಾಟಿನಿಂದ.

ಕಿತ್ತ ಮೇಲೂ ಕಾಯಿ ಸಾಯುವುದಿಲ್ಲ. ಉಸಿರಾಡುತ್ತದೆ, ಶಾಖವನ್ನು ಬಿಡುತ್ತದೆ, ತನ್ನನ್ನು ತಾನೇ ತಿನ್ನುತ್ತದೆ. ಬೇಗನೆ ತಂಪು ಮಾಡಿದರೆ ಆ ಉಸಿರಾಟ ನಿಧಾನವಾಗುತ್ತದೆ. ಹೊಲದ ಬದುವಿನಲ್ಲಿ ಬಿಸಿಲಿಗೆ ಕಳೆದ ಕೆಲವೇ ಗಂಟೆಗಳ ನಷ್ಟವನ್ನು ವಿಮಾನದ ವೇಗ ತುಂಬಿಕೊಡಲಾರದು. ಇನ್ನು ಬಾಡಿಗೆಯ ಲೆಕ್ಕ. ಸರಕಿನ ತೂಕಕ್ಕಿಂತ ಅದು ಹಿಡಿಯುವ ಜಾಗ ಹೆಚ್ಚಾದರೆ, 6000 ಘನ ಸೆಂಟಿಮೀಟರಿಗೆ ಒಂದು ಕಿಲೋ ಎಂದು ಎಣಿಸುವುದು ವಾಡಿಕೆ. ಉದ್ದ 60, ಅಗಲ 40, ಎತ್ತರ 30 ಸೆಂಟಿಮೀಟರಿನ ಪೆಟ್ಟಿಗೆಯೊಂದು ಈ ಲೆಕ್ಕದಲ್ಲಿ 12 ಕಿಲೋ. ಅದರೊಳಗೆ ಐದು ಕಿಲೋ ಸೊಪ್ಪನ್ನಿಟ್ಟವನು ಉಳಿದ ಏಳು ಕಿಲೋ ಬಾಡಿಗೆಯನ್ನು ಬರಿಯ ಗಾಳಿಗೆ ತೆರುತ್ತಾನೆ. ಸೊಪ್ಪಿನಲ್ಲಿಯೂ ಬಹುಪಾಲು ನೀರೇ ಎಂಬುದನ್ನು ಮರೆಯಬಾರದು.

ಇಷ್ಟಾದರೂ ಲಾಭ ಉಂಟು, ಇಲ್ಲವಾದರೆ ಯಾರೂ ಕಳುಹಿಸುತ್ತಿರಲಿಲ್ಲ. ದಾರಿ ಕಟ್ಟಿದಾಗ ನಷ್ಟ ಯಾರದು ಎಂಬುದೇ ಪ್ರಶ್ನೆ. 2013ರಲ್ಲಿ ನಮ್ಮ ದೇಶದಿಂದ ಹೋದ 207 ರವಾನೆಗಳಲ್ಲಿ ಹಣ್ಣಿನ ನೊಣವೇ ಮುಂತಾದ ಕೀಟಗಳು ಕಂಡುಬಂದವೆಂದು, ಐರೋಪ್ಯ ಒಕ್ಕೂಟ 2014ರ ಮೇ 1ರಿಂದ ಭಾರತದ ಮಾವು, ಬದನೆ, ಹಾಗಲ, ಪಡವಲ, ಕೆಸುಗಳಿಗೆ ಬಾಗಿಲು ಮುಚ್ಚಿತು. ಮಾವಿನ ಮೇಲಣ ತಡೆ ತೆರವಾದದ್ದು 2015ರಲ್ಲಿ. ಮರದ ಮೇಲಿನ ಹಣ್ಣಿಗೆ ಇದಾವುದೂ ತಿಳಿಯದು. ಅದು ತನ್ನ ಹೊತ್ತಿಗೆ ಮಾಗಿತು. 2020ರ ಮಾರ್ಚಿಯಲ್ಲಿ ಸಾಂಕ್ರಾಮಿಕದಿಂದಾಗಿ ಪರದೇಶದ ಪ್ರಯಾಣಿಕ ವಿಮಾನಗಳು ನಿಂತುಹೋದವು. ನಿಗದಿತ ಸಂಚಾರ ಮತ್ತೆ ಆರಂಭವಾದದ್ದು 2022ರ ಮಾರ್ಚಿಯಲ್ಲಿ. ಜಗತ್ತಿನ ವಿಮಾನಸರಕಿನ ಸುಮಾರು ಅರ್ಧದಷ್ಟು ಅಂದಿನವರೆಗೆ ಸಾಗುತ್ತಿದ್ದದ್ದು ಪ್ರಯಾಣಿಕರ ಕಾಲಡಿಯ ಒಡಲಿನಲ್ಲಿ. ಮನುಷ್ಯರು ಹಾರುವುದು ನಿಂತಾಗ ಆ ಜಾಗವೂ ಇಲ್ಲವಾಯಿತು. ಸರಕಿನ ವಿಮಾನಗಳು ಹಾರುತ್ತಿದ್ದರೂ ಬಾಡಿಗೆ ಏರಿತು.

ಕೊಬ್ಬರಿಯ ಧಾರಣೆ ಇಳಿದರೆ ಕಡೂರಿನ ರೈತ ಮುಂದಿನ ಸಂತೆ ನೋಡೋಣ ಎನ್ನಬಲ್ಲ. ಸಾಲಗಾರ ಬಾಗಿಲಲ್ಲಿ ನಿಂತಿರದಿದ್ದರೆ ತರೀಕೆರೆಯ ಅಡಕೆಯವನೂ ಅಷ್ಟು ಹೇಳಬಲ್ಲ. ಸೊಪ್ಪು ಬೆಳೆದವನಿಗೆ ಆ ಮಾತು ಬಾಯಿಗೆ ಬಾರದು. ಕೆಡುವ ವಸ್ತುವಿಗೆ ಚೌಕಾಸಿಯ ಬಲವಿಲ್ಲ. ಕಾಯುವ ಶಕ್ತಿಯೇ ವ್ಯಾಪಾರದಲ್ಲಿ ಬಡವನಿಗಿರುವ ಒಂದೇ ಬಲ. ಈ ಇಬ್ಬರ ನಡುವೆ ನಿಂತವನು ಅಜ್ಜಂಪುರದ ಈರುಳ್ಳಿಗಾರ. ಮಳೆಗಾಲದ ಈರುಳ್ಳಿಯಲ್ಲಿ ನೀರು ಹೆಚ್ಚು, ಬಾಳಿಕೆ ಕಡಮೆ. 2023ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಈರುಳ್ಳಿಯ ರಫ್ತನ್ನು ನಿಷೇಧಿಸಿತು. 2024ರ ಮೇ ತಿಂಗಳಲ್ಲಿ ನಿಷೇಧ ತೆಗೆಯಿತು. ಐದು ತಿಂಗಳು ಸರ್ಕಾರ ಕಾಯಬಹುದು, ಮಳೆಗಾಲದ ಈರುಳ್ಳಿ ಕಾಯಲಾರದು.

2023ರ ಫೆಬ್ರವರಿಯಲ್ಲಿ ಶಿವಮೊಗ್ಗೆಯ ಸೋಗಾನೆಯಲ್ಲಿ ವಿಮಾನನಿಲ್ದಾಣ ಉದ್ಘಾಟನೆಯಾಯಿತು. ತರೀಕೆರೆಯಿಂದ ಅದು ದೂರವಲ್ಲ. ನಮ್ಮ ಬೆಳೆಯೂ ಇನ್ನು ಹಾರಬಹುದೆಂಬ ಆಸೆ ಹುಟ್ಟುವುದು ಸಹಜ, ತಪ್ಪೂ ಅಲ್ಲ. ಆದರೆ ಹಳೆಯ ಕಥೆಯ ಪಾಠವೊಂದನ್ನು ಆಸೆಯ ಜೊತೆಗೆ ಇಟ್ಟುಕೊಳ್ಳಬೇಕು. ವೇಗ ಬೆಳೆದವನ ಕೈಯಲ್ಲಿರುವುದಿಲ್ಲ. ಅಂದು ಅದು ಸೇನಾಪತಿಯ ಕೈಯಲ್ಲಿತ್ತು, ಇಂದು ವಿಮಾನ ನಡೆಸುವವರ ಮತ್ತು ಅಪ್ಪಣೆ ಹೊರಡಿಸುವವರ ಕೈಯಲ್ಲಿದೆ. ಅಟ್ಟ ಮಾತ್ರ ರೈತನದು. ಹೊಲದ ಸಮೀಪದಲ್ಲಿಯೇ ಗಾಳಿಯಾಡುವ ಈರುಳ್ಳಿ ಕೊಟ್ಟಿಗೆ, ಹತ್ತು ಮನೆ ಕೂಡಿ ನಡೆಸುವ ಶೀತಲಕೋಣೆ ಇವು ಈ ಕಾಲದ ಅಟ್ಟಗಳು. ಅವು ಮೊದಲು ಬರಲಿ. ಆಮೇಲೆ ವಿಮಾನ ಬಂದರೆ ಸರಕನ್ನು ಏರಿಸಬಹುದು. ಬಾರದಿದ್ದರೆ, ಮುಂದಿನ ಸಂತೆ ನೋಡೋಣ ಎನ್ನಬಹುದು.